ಪ್ರಶ್ನೋತ್ತರ: ರೇಸಿಂಗ್ ಸೈಕಲ್ಲಿನ ಸೆಟ್ಟಿಂಗು, ಬ್ರೇಕು, ಟಯರು – ಮೆಕ್ಯಾನಿಕ್‌ಗೆ ಕೇಳಿ

ಅಡ್ಮಿನ್: ಇವತ್ತು ರಾತ್ರಿ ಮೆಕ್ಯಾನಿಕ್ ಅಣ್ಣ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಟಯರಿನ ಅಳತೆ, ನಿಮ್ಮ ತೂಕ, ರಿಮ್ ಬ್ರೇಕೋ ಡಿಸ್ಕೋ ಅನ್ನೋದನ್ನ ಬರೀರಿ. ಫಾರ್ವರ್ಡ್ ಮೆಸೇಜು ಬೇಡ.

ಕುಕ್ಕರಹಳ್ಳಿ ರೈಡರ್: ಸರ್, 700×28 ಟಯರು, ಒಳಗೆ ಟ್ಯೂಬು, ಮಾಮೂಲಿ ಅಲ್ಯೂಮಿನಿಯಂ ರಿಮ್ಮು. ನನ್ನ ತೂಕ 72 ಕೆಜಿ. ಗಾಳಿ ಎಷ್ಟಿರಬೇಕು?

ಮೆಕ್ಯಾನಿಕ್: ಹಿಂದೆ 75, ಮುಂದೆ 70 ಪಿಎಸ್‌ಐನಿಂದ ಶುರು ಮಾಡಿ. ರಸ್ತೆ ಹಾಳಾಗಿದ್ರೆ ಐದು ಇಳಿಸಿ. ಗುಂಡಿಗೆ ಬಿದ್ದಾಗ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡ್ರೆ ರಿಮ್ಮು ಟ್ಯೂಬನ್ನ ಹಿಸುಕಿದೆ ಅಂತ, ಆಗ ಐದು ಏರಿಸಿ. ಹೆಬ್ಬೆರಳಲ್ಲಿ ಒತ್ತಿ ನೋಡೋದು ಲೆಕ್ಕಕ್ಕಿಲ್ಲ, ಮೀಟರ್ ಇರೋ ಪಂಪು ತಗೊಳ್ಳಿ.

ತುಮಕೂರು ರಸ್ತೆ: ಅಣ್ಣ, ಹಿಂದಿನ ಗೇರು ಕಟಕಟ ಅನ್ನುತ್ತೆ. ಸಣ್ಣ ಕಾಗ್‌ಗೆ (ಹಲ್ಲಿನ ಚಕ್ರಕ್ಕೆ) ಚೈನು ಇಳಿಯೋಕೆ ತಡ ಮಾಡುತ್ತೆ.

ಮೆಕ್ಯಾನಿಕ್: ಕೇಬಲ್ಲಿನ ಬಿಗಿ ಜಾಸ್ತಿಯಾಗಿದೆ. ಡಿರೇಲರ್ (ಚೈನನ್ನ ಒಂದು ಕಾಗ್‌ನಿಂದ ಇನ್ನೊಂದಕ್ಕೆ ಸರಿಸೋ ಭಾಗ) ಹತ್ರ ಕೇಬಲ್ ಬಿಗಿ ಹೊಂದಿಸೋಕೆ ಇರೋ ಬ್ಯಾರಲ್ ಅಡ್ಜಸ್ಟರನ್ನ ಒಳಕ್ಕೆ ಕಾಲು ಸುತ್ತು ತಿರುಗಿಸಿ, ಗೇರು ಬದಲಿಸಿ ನೋಡಿ, ಬೇಕಾದ್ರೆ ಇನ್ನೊಂದು ಕಾಲು ಸುತ್ತು. ಆಗಲೂ ತಡ ಆದ್ರೆ ಒಳಗಿನ ಕೇಬಲ್ ತುಕ್ಕು ಹಿಡಿದಿದೆ, ಕೇಬಲ್ಲೂ ಅದರ ಹೊರಕವಚ ಔಟರೂ ಎರಡೂ ಬದಲಿಸಿ. ಎಚ್, ಎಲ್ ಸ್ಕ್ರೂಗಳನ್ನ ಮುಟ್ಟಬೇಡಿ. ಅವು ಚೈನು ಎಲ್ಲಿವರೆಗೆ ಹೋಗಬಹುದು ಅನ್ನೋ ಗಡಿ ಅಷ್ಟೇ, ಸೌಂಡ್ ಸರಿಮಾಡೋಕಲ್ಲ. ಸೈಕಲ್ ಬಲಗಡೆಗೆ ಬಿದ್ದಿದ್ರೆ ಮೊದಲು ಡಿರೇಲರ್ ತೂಗುಹಾಕಿರೋ ಹ್ಯಾಂಗರನ್ನ ಗೇಜಿನಲ್ಲಿ ನೇರ ಮಾಡಿಸಿ. ಒಳಕ್ಕೆ ಬಗ್ಗಿದ ಹ್ಯಾಂಗರ್ ಇಟ್ಕೊಂಡು ದೊಡ್ಡ ಕಾಗ್‌ಗೆ ಹಾಕಿದ್ರೆ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಹೋಗುತ್ತೆ.

ಗುಮ್ಮಟ ಎಕ್ಸ್‌ಪ್ರೆಸ್: ಅಣ್ಣಾರ, ನಮಸ್ಕಾರ್ರೀ. ವಿಜಯಪುರದಿಂದ. ಕಾರ್ಬನ್ ಫೋರ್ಕ್, ಡಿಸ್ಕ್ ಬ್ರೇಕ್. ಮುಂದಿನ ಬ್ರೇಕ್ ಹಿಡಿದ್ರ ಹ್ಯಾಂಡಲ್ ಬುಡಕ್ಕ ಟಕ್ ಅಂತೈತ್ರಿ. ಮ್ಯಾಲಿನ ಬೋಲ್ಟ್ ಬಿಗಿ ಮಾಡಿದ್ರ ಎರಡ ದಿನ ಸುಮ್ಮನಿರ್ತೈತಿ, ಮತ್ತ ಸುರು. ಹೋದ ತಿಂಗಳ ಅಂಗಡ್ಯಾಗ ಹ್ಯಾಂಡಲ್ ಇಳಿಸಿ ಪೈಪ್ ಕೊಯ್ಸೀನಿ. ಭಾನುವಾರ ರೇಸ್ ಐತಿ. ಎಷ್ಟ ಟೈಟ್ ಮಾಡ್ಲಿ?

ಮೆಕ್ಯಾನಿಕ್: ಟೈಟ್ ಮಾಡಬೇಡಿ. ಮೇಲಿನ ಮುಚ್ಚಳ ಮಾತ್ರ ತೆಗೆದು ಪೈಪಿನ ಒಳಗಿನ ಫೋಟೋ ಹಾಕಿ. ಸ್ಟೆಮ್ (ಹ್ಯಾಂಡಲನ್ನ ಆ ಪೈಪಿಗೆ ಜೋಡಿಸೋ ತುಂಡು) ಪಕ್ಕದ ಬೋಲ್ಟುಗಳನ್ನ ಈಗ ಮುಟ್ಟಬೇಡಿ. ಅಲ್ಲೀತನಕ ಸೈಕಲ್ ಹತ್ತಬೇಡಿ.

ಕರಾವಳಿ ಪೆಡಲ್: ಮೆಕ್ಯಾನಿಕ್ರೇ, ಉಡುಪಿ ಮಳೆಗೆ ಚೈನು ಎರಡೇ ದಿನದಲ್ಲಿ ತುಕ್ಕು. ಒಂದು ಗ್ರೂಪಿನಲ್ಲಿ ತೆಂಗಿನೆಣ್ಣೆ ಹಚ್ಚಿ, ಡಿಸ್ಕ್ ಕಿರುಚಿದ್ರೆ ಡಬ್ಲ್ಯೂಡಿ-40 ಹೊಡೀರಿ ಅಂತ ಬಂದಿತ್ತು. ಮಾಡಬಹುದಾ?

ಮೆಕ್ಯಾನಿಕ್: ಎರಡೂ ಮಾಡಬೇಡಿ. ತೆಂಗಿನೆಣ್ಣೆ ದಿನ ಕಳೆದಂತೆ ಅಂಟಾಗಿ ಮರಳು ಹಿಡಿಯುತ್ತೆ, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ಮಳೆಗಾಲಕ್ಕೆ ಅಂತಲೇ ವೆಟ್ ಲ್ಯೂಬ್ ಅನ್ನೋ ಚೈನ್ ಎಣ್ಣೆ ಸಿಗುತ್ತೆ. ಚೈನು ತೊಳೆದು ಪೂರ್ತಿ ಒಣಗಿಸಿ, ಒಂದೊಂದು ರೋಲರಿಗೆ ಒಂದೇ ಹನಿ, ಪೆಡಲು ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನದೆಲ್ಲ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಒಳಗಿರಬೇಕು, ಹೊರಗಲ್ಲ. ಡಿಸ್ಕಿಗೆ ಎಣ್ಣೆ ತಾಗಿದ್ರೆ ಬ್ರೇಕೇ ಹಿಡಿಯಲ್ಲ. ಈಗಾಗ್ಲೇ ಹೊಡೆದಿದ್ರೆ ರೋಟರನ್ನ (ಡಿಸ್ಕನ್ನ) ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪ್ಯಾಡ್ ಎಸೆದು ಹೊಸದು ಹಾಕಿ. ಪ್ಯಾಡು ಎಣ್ಣೆ ಕುಡಿದ ಮೇಲೆ ಉಜ್ಜಿ, ಸುಟ್ಟು ಉಳಿಸೋಕೆ ಹೋಗಬೇಡಿ.

ಡಬ್ಲಿನ್ ಕನ್ನಡಿಗ: ಸರ್, ಡಿಸ್ಕ್ ಬ್ರೇಕ್ ಸೈಕಲ್ಲನ್ನ ವಿಮಾನಕ್ಕೆ ಹೇಗೆ ಪ್ಯಾಕ್ ಮಾಡೋದು? ಊರಿಗೆ ತರಬೇಕು.

ಹಳೇ ಸ್ಟೀಲ್: 28 ಟಯರಿಗೆ 75 ಅಂತೆ! ನಾವು 23 ಟಯರಿಗೆ 120 ಹಾಕಿ ಓಡಿಸ್ತಿದ್ವಿ. ಗಾಳಿ ಗಟ್ಟಿಯಿದ್ರೇ ಸ್ಪೀಡು.

ಕುಕ್ಕರಹಳ್ಳಿ ರೈಡರ್: ವೆಲೊಡ್ರೋಮ್ ಸೈಕಲ್ ಟ್ರ್ಯಾಕಿನ ನುಣುಪು ನೆಲದಲ್ಲಿ ಸರಿ ಸ್ವಾಮಿ. ನಮ್ಮ ಡಾಂಬರಿನಲ್ಲಿ ಗಟ್ಟಿ ಟಯರು ಕುಪ್ಪಳಿಸುತ್ತೆ. ಕುಪ್ಪಳಿಸಿದ್ದಕ್ಕೆಲ್ಲ ಶಕ್ತಿ ವೇಸ್ಟು.

ಹಳೇ ಸ್ಟೀಲ್: ಎರಡು ವಿಡಿಯೊ ನೋಡ್ಕೊಂಡು ಪಾಠ ಮಾಡೋಕೆ ಬರಬೇಡಿ.

ನಂದಿ ಏರು: ನನ್ನದು 28 ಟ್ಯೂಬ್‌ಲೆಸ್, ಹೊಸ ಹುಕ್‌ಲೆಸ್ ಕಾರ್ಬನ್ ವೀಲು. 95 ಹಾಕ್ತೀನಿ, ಏನೂ ಆಗಿಲ್ಲ. ಸ್ಟೀಲ್ ಅಣ್ಣ ಹೇಳೋದು ಸರಿ.

ಮೆಕ್ಯಾನಿಕ್: ನಂದಿ ಏರು, ಈಗಲೇ ಗಾಳಿ ಇಳಿಸಿ, ಆಮೇಲೆ ಮುಂದಕ್ಕೆ ಓದಿ. ಹುಕ್‌ಲೆಸ್ ರಿಮ್ಮಿಗೆ ಮಿತಿ 5 ಬಾರ್, ಅಂದ್ರೆ 72.5 ಪಿಎಸ್‌ಐ. ರಿಮ್ಮಿನ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ರೆ ಅದೇ ಮಿತಿ. ಟಯರಿನ ಅಂಚನ್ನ ಹಿಡಿಯೋ ಕೊಕ್ಕೆ ಆ ರಿಮ್ಮಿನಲ್ಲಿಲ್ಲ, ಜಾಸ್ತಿ ಒತ್ತಡಕ್ಕೆ ಟಯರು ರಿಮ್ಮು ಬಿಟ್ಟು ಹಾರುತ್ತೆ. ಟಯರು ಟ್ಯೂಬ್‌ಲೆಸ್ ಆದ್ರೆ ಸಾಲದು, ರಿಮ್ ಕಂಪನಿಯ ಪಟ್ಟಿಯಲ್ಲಿ ಆ ಟಯರು, ಆ ಅಗಲ ಇದೆಯಾ ನೋಡಿ. "ಏನೂ ಆಗಿಲ್ಲ" ಅನ್ನೋದು ಅಳತೆ ಅಲ್ಲ.

ಗುಮ್ಮಟ ಎಕ್ಸ್‌ಪ್ರೆಸ್: [ಫೋಟೋ: ಕಪ್ಪು ಪೈಪಿನೊಳಗೆ ಹೂವಿನಾಕಾರದ ಸ್ಟೀಲ್ ತುಂಡು, ಪೈಪಿನ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿಳಿ ಗೆರೆ]

ಮೆಕ್ಯಾನಿಕ್: ನಾನು ಹೆದರಿದ್ದು ಇದಕ್ಕೇ. ಅದು ಸ್ಟಾರ್ ನಟ್. ಅಲ್ಯೂಮಿನಿಯಂ, ಸ್ಟೀಲ್ ಸ್ಟೀರರಿಗೆ (ಮುಂದಿನ ಚಕ್ರ ಹಿಡಿಯೋ ಫೋರ್ಕಿನ ಮೇಲ್ಭಾಗದ ಪೈಪಿಗೆ) ಸುತ್ತಿಗೆಯಲ್ಲಿ ಹೊಡೆದು ಕೂರಿಸೋದು. ಕಾರ್ಬನ್ ಸ್ಟೀರರಿಗೆ ಅದನ್ನ ಹಾಕೋ ಹಾಗೇ ಇಲ್ಲ. ಅದರ ರೆಕ್ಕೆಗಳು ಒಳಗಿನ ಗೋಡೆಯನ್ನ ಕೊರೆದು ನಿಲ್ಲುತ್ತವೆ, ಕೊರೆದ ಕಡೆಯೆಲ್ಲ ಕಾರ್ಬನ್ ನಾರು ಕತ್ತರಿಸಿರುತ್ತೆ. ಕಾರ್ಬನ್ನಿಗೆ ಹಾಕಬೇಕಾದ್ದು ಎಕ್ಸ್‌ಪ್ಯಾಂಡರ್ ಪ್ಲಗ್. ಅದಕ್ಕೆ ಎರಡು ಕೆಲಸ: ಮುಚ್ಚಳದ ಬೋಲ್ಟಿಗೆ ಹಿಡಿತ ಕೊಡೋದು, ಸ್ಟೆಮ್ಮು ಹೊರಗಿಂದ ಹಿಸುಕುವಾಗ ಪೈಪಿಗೆ ಒಳಗಿಂದ ಆಸರೆ ಕೊಡೋದು. ನಿಮ್ಮ ಪೈಪಿಗೆ ಆ ಆಸರೆ ಇಲ್ಲ. ಹಿಡಿತ ಜಾರಿದಾಗಲೆಲ್ಲ ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗು) ಸಡಿಲ ಆಗ್ತಿತ್ತು. ನೀವು ಬಿಗಿ ಮಾಡಿದಷ್ಟೂ ಸ್ಟಾರ್ ನಟ್ ಮೇಲಕ್ಕೆ ಎಳೆದು ಇನ್ನಷ್ಟು ಗೀರಿದೆ.

ಎಲ್ಲರೂ ಒಂದು ತಿಳ್ಕೊಳ್ಳಿ. ಮೇಲಿನ ಬೋಲ್ಟು ಹ್ಯಾಂಡಲನ್ನ ಹಿಡಿಯೋದಲ್ಲ. ಬೇರಿಂಗಿನ ಪ್ಲೇ, ಅಂದ್ರೆ ಅಲುಗಾಟ, ತೆಗೆಯೋದಷ್ಟೇ ಅದರ ಕೆಲಸ. ಹ್ಯಾಂಡಲ್ ಹಿಡಿಯೋದು ಸ್ಟೆಮ್ ಪಕ್ಕದ ಎರಡು ಬೋಲ್ಟು. ಹಾಗಾಗಿ ಪಕ್ಕದ ಬೋಲ್ಟು ಸಡಿಲ ಮಾಡದೆ ಮೇಲಿನದನ್ನ ತಿರುಗಿಸಿದ್ರೆ ಏನೂ ಸರಿಹೋಗಲ್ಲ. ಕ್ರಮ ಹೀಗೆ: ಪಕ್ಕದ ಎರಡೂ ಸಡಿಲ, ಮೇಲಿನದು ಪ್ಲೇ ಹೋಗೋವಷ್ಟೇ ಬಿಗಿ, ಹ್ಯಾಂಡಲ್ ಚಕ್ರಕ್ಕೆ ನೇರ, ಆಮೇಲೆ ಪಕ್ಕದ ಎರಡನ್ನೂ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಸ್ಟೆಮ್ಮಿನ ಮೇಲೆ ಬರೆದಿರೋ ಟಾರ್ಕಿಗೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್. ಪ್ಲೇ ಪರೀಕ್ಷೆಗೆ ಮುಂದಿನ ಬ್ರೇಕ್ ಹಿಡಿದು ಸೈಕಲನ್ನ ಹಿಂದೆಮುಂದೆ ಅಲ್ಲಾಡಿಸಿ, ಬೆರಳು ಹೆಡ್‌ಸೆಟ್ಟಿನ ಸಂದಿನಲ್ಲಿರಲಿ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡೇ ಅದನ್ನ ಹಿಡಿದಿರೋ ಕ್ಯಾಲಿಪರೊಳಗೆ ಸ್ವಲ್ಪ ಅಲ್ಲಾಡಿ ಮೋಸ ಮಾಡುತ್ತೆ. ಅದಕ್ಕೆ ಚಕ್ರ 90 ಡಿಗ್ರಿ ತಿರುಗಿಸಿ ಇನ್ನೊಮ್ಮೆ ನೋಡಿ.

ಗುಮ್ಮಟ, ನಿಮ್ಮ ಬಿಳಿ ಗೆರೆ ಪೈಂಟಿನ ಗೀರು ಇರಬಹುದು ಅಂತ ಸಮಾಧಾನ ಹೇಳಲ್ಲ. ಭಾನುವಾರದ ರೇಸ್ ಈ ಫೋರ್ಕಿನಲ್ಲಿ ಇಲ್ಲ. ಮನೆಯೊಳಗೆ ನಿಲ್ಲಿಸಿ ತುಳಿಯೋ ಟ್ರೇನರ್ ಮೇಲೂ ಬೇಡ, ಎದ್ದು ನಿಂತು ತುಳಿದಾಗ ಭಾರ ಹ್ಯಾಂಡಲಿಗೇ ಬರುತ್ತೆ. ಸ್ಟೀರರ್ ಮುರಿಯುವಾಗ ಮುಂಚೆ ಹೇಳಿ ಮುರಿಯಲ್ಲ. ನಿಮಗೆ ಟಕ್ ಅಂತ ಹೇಳಿದೆ, ಅದೇ ಜಾಸ್ತಿ.

ತುಂಗಾ ತೀರ: ಅಣ್ಣ ಹಿಂದಿನ ಗೇರ್ ಸೌಂಡ್ ಬರುತ್ತೆ, ಯಾವ ಸ್ಕ್ರೂ ತಿರುಗಿಸಲಿ?

ಮೆಕ್ಯಾನಿಕ್: ಮೇಲೆ ಬರೆದಿದೀನಿ.

ಹಳೇ ಸ್ಟೀಲ್: ನೋಡಿದ್ರಾ ಕಾರ್ಬನ್ನಿನ ಹಣೆಬರಹ! ಅಲ್ಯೂಮಿನಿಯಂ ಸ್ಟೀರರ್ ಆಗಿದ್ರೆ ಜನ್ಮದಲ್ಲಿ ಮುರೀತಿರಲಿಲ್ಲ.

ಕುಕ್ಕರಹಳ್ಳಿ ರೈಡರ್: 2006ರ ಪ್ಯಾರಿಸ್–ರುಬೇ ರೇಸಿನಲ್ಲಿ ಜಾರ್ಜ್ ಹಿನ್‌ಕ್ಯಾಪಿ ಸ್ಟೀರರ್ ಮುರಿದು ಬಿದ್ರಲ್ಲ, ಅದು ಅಲ್ಯೂಮಿನಿಯಂದೇ. ವಿಡಿಯೊದಲ್ಲೇ ನೋಡಿದ್ದು, ಕ್ಷಮಿಸಿ.

ಹಳೇ ಸ್ಟೀಲ್: ಅವರು ಅದೇ ರೇಸಿನಲ್ಲಿ ಮೊದಲೇ ಒಂದ್ಸಲ ಬಿದ್ದಿದ್ರು. ಅರ್ಧ ತಿಳ್ಕೊಂಡು ಮಾತಾಡೋದು ಬಿಡಿ.

ಕುಕ್ಕರಹಳ್ಳಿ ರೈಡರ್: ಬಿದ್ದ ಮೇಲೆ ಮುರಿಯುತ್ತೆ ಅಂತ ನೀವೇ ಒಪ್ಪಿದ್ರಲ್ಲ. "ಜನ್ಮದಲ್ಲಿ" ಎಲ್ಲಿ ಹೋಯ್ತು?

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಬಿದ್ದ ಸೈಕಲ್ ಯಾವುದರಿಂದ ಮಾಡಿದ್ದಾದರೂ ಸ್ಟೆಮ್ ಬಿಚ್ಚಿ ಸ್ಟೀರರ್ ನೋಡಬೇಕು. ಅಷ್ಟೇ.

ಕರಾವಳಿ ಪೆಡಲ್: ಗುಮ್ಮಟ ಅವರೇ, ಒಂದು ಗ್ರೂಪಿನಲ್ಲಿ ಬಂದದ್ದು: ಕಾರ್ಬನ್ ಬಿರುಕಿಗೆ ಸೂಪರ್ ಗ್ಲೂ ಹಾಕಿ ಮೇಲೆ ಅಡುಗೆ ಸೋಡಾ ಉದುರಿಸಿದ್ರೆ ಕಲ್ಲಿನ ಹಾಗೆ ಗಟ್ಟಿ ಆಗುತ್ತಂತೆ.

ಮೆಕ್ಯಾನಿಕ್: ಹೌದು, ಕಲ್ಲಿನ ಹಾಗೇ ಆಗುತ್ತೆ. ಕಲ್ಲಿನ ಹಾಗೇ ಚೂರೂ ಆಗುತ್ತೆ. ಬಲ ಇರೋದು ಉದ್ದಕ್ಕೆ ಓಡೋ ನಾರಿನಲ್ಲಿ, ಅಂಟಿನಲ್ಲಲ್ಲ. ತುಂಡಾದ ನಾರನ್ನ ಸೋಡಾ ಜೋಡಿಸಲ್ಲ, ಬಿರುಕನ್ನ ಮುಚ್ಚಿಡುತ್ತೆ ಅಷ್ಟೇ. ಹುಡುಗ ಗಂಟೆಗೆ 50 ಕಿ.ಮೀ. ವೇಗದಲ್ಲಿ ಇಳಿಜಾರಿನಲ್ಲಿರುವಾಗ ಹ್ಯಾಂಡಲ್ ಕೈಗೆ ಬಂದ್ರೆ ಆ ಫಾರ್ವರ್ಡ್ ಕಳಿಸಿದವರು ಬರ್ತಾರಾ? ಇನ್ನೊಂದು ಮನೆಮದ್ದು ಬಂದ್ರೆ ನಾನು ಎದ್ದು ಹೋಗ್ತೀನಿ.

ಕರಾವಳಿ ಪೆಡಲ್: ಕೇಳಿದ್ದು ತಪ್ಪಾ ಮಾರಾಯ್ರೇ? ಸ್ವಲ್ಪ ಮರ್ಯಾದೆಯಿಂದ ಹೇಳಬಹುದಿತ್ತು.

ಅಡ್ಮಿನ್: ಎಲ್ಲರೂ ತಾಳ್ಮೆ ಇಟ್ಕೊಳ್ಳಿ ದಯವಿಟ್ಟು.

ನಂದಿ ಏರು: 70ಕ್ಕೆ ಇಳಿಸಿದೆ. ನನ್ನ ತಮ್ಮನ ಸೈಕಲ್ಲು ಕಾರ್ಬನ್ ರಿಮ್, ರಿಮ್ ಬ್ರೇಕು. ನಂದಿ ಬೆಟ್ಟ ಇಳಿಯುವಾಗ ಸುಟ್ಟ ವಾಸನೆ.

ಮೆಕ್ಯಾನಿಕ್: ಕಾರ್ಬನ್ ರಿಮ್ಮಿಗೆ ಅದರದೇ ಪ್ಯಾಡು ಬೇಕು. ಅಲ್ಯೂಮಿನಿಯಂ ರಿಮ್ಮಿನಲ್ಲಿ ಓಡಿದ ಪ್ಯಾಡು ಹಾಕಿದ್ರೆ ಅದರಲ್ಲಿ ಚುಚ್ಚಿಕೊಂಡ ಲೋಹದ ಚೂರು ರಿಮ್ಮನ್ನ ಕೆರೆಯುತ್ತೆ. ಲೇಟೆಕ್ಸ್ ಟ್ಯೂಬಿದ್ರೆ ತೆಗೆಸಿ, ಬಿಸಿ ತಡೆಯಲ್ಲ. ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿಯೋದು ಬೇಡ. ತಿರುವಿಗೆ ಮುಂಚೆ ಜೋರಾಗಿ ಹಿಡಿದು ಬಿಡಬೇಕು, ರಿಮ್ಮು ಆರೋಕೆ ಸಮಯ ಸಿಗಬೇಕು.

ಡಬ್ಲಿನ್ ಕನ್ನಡಿಗ: ಪ್ಯಾಕಿಂಗ್ ಬಗ್ಗೆ ಯಾರಾದ್ರೂ?

ಹಾಸನ ಹೈವೇ: ಮಂಡಿ ಮುಂದುಗಡೆ ನೋವು, ಸರ್.

ಮೆಕ್ಯಾನಿಕ್: ಸೀಟು ತಗ್ಗಿರಬಹುದು. ಹಿಮ್ಮಡಿ ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ನೇರ ಆಗಬೇಕು, ಸೊಂಟ ಓಲಬಾರದು. 3 ಎಂಎಂ ಏರಿಸಿ, ವಾರ ನೋಡಿ, ಮತ್ತೆ 3. ಕಾರ್ಬನ್ ಸೀಟ್‌ಪೋಸ್ಟಿಗೆ ಗ್ರೀಸ್ ಅಲ್ಲ, ಕಾರ್ಬನ್ ಪೇಸ್ಟು. ನೋವು ಹೋಗದಿದ್ರೆ ಡಾಕ್ಟರ ಹತ್ರ ಹೋಗಿ.

ಗುಮ್ಮಟ ಎಕ್ಸ್‌ಪ್ರೆಸ್: ಅಣ್ಣಾರ, ಅಂಗಡ್ಯಾವ್ರಿಗೆ ಫೋನ್ ಮಾಡಿದ್ನಿರಿ. ಸ್ಟಾರ್ ನಟ್ ತಗದು ಎಕ್ಸ್‌ಪ್ಯಾಂಡರ್ ಹಾಕ್ತೀನಿ, ಏನೂ ಆಗಂಗಿಲ್ಲ ಅಂತಾರ. ಹೊಸ ಫೋರ್ಕಿಗೆ ರೊಕ್ಕ ಭಾಳ ಆಗ್ತೈತಿ.

ಮೆಕ್ಯಾನಿಕ್: ತೆಗೆಸಬೇಡಿ. ಮೇಲಕ್ಕೆ ಎಳೆದರೂ ಕೆಳಕ್ಕೆ ಹೊಡೆದರೂ ರೆಕ್ಕೆಗಳು ಗೋಡೆಯನ್ನ ಉದ್ದಕ್ಕೂ ಕೊರೀತವೆ. ಕೊರೆದ ಪೈಪಿಗೆ ಎಕ್ಸ್‌ಪ್ಯಾಂಡರ್ ಹಾಕಿ ಅರಳಿಸಿದ್ರೆ ಬಿರುಕು ಇನ್ನೂ ಬಾಯಿ ಬಿಡುತ್ತೆ. ಖರ್ಚು ಅಂಗಡಿಯವರ ಹತ್ರ ಕೇಳಿ, ಫೋಟೋ ನಿಮ್ಮ ಹತ್ರ ಇದೆ. ಹೊಸ ಫೋರ್ಕಿಗೆ ಇಷ್ಟು ಅಳತೆ ಹೊಂದಬೇಕು: ಸ್ಟೀರರಿನ ಮೇಲಿನ, ಕೆಳಗಿನ ವ್ಯಾಸ, ಆಕ್ಸಲ್‌ನಿಂದ (ಚಕ್ರದ ಅಚ್ಚಿನಿಂದ) ಫೋರ್ಕಿನ ಎರಡು ಕಾಲು ಕೂಡೋ ಕ್ರೌನ್‌ವರೆಗಿನ ಎತ್ತರ, ರೇಕ್ (ಸ್ಟೀರರಿನ ನೇರದಿಂದ ಆಕ್ಸಲ್ ಎಷ್ಟು ಮುಂದಿದೆ ಅನ್ನೋದು), ಆಕ್ಸಲ್ ಅಳತೆ, ಕ್ಯಾಲಿಪರ್ ಕೂರೋ ರೀತಿ. ಸ್ಟೀರರ್ ಕೊಯ್ಯೋಕೆ ನುಣ್ಣನೆ ಹಲ್ಲಿನ ಬ್ಲೇಡು, ನೀರು ಹಾಕ್ತಾ, ಮೂಗಿಗೆ ಮಾಸ್ಕ್. ಸ್ಟೆಮ್ಮಿನ ಮೇಲೆ 5 ಎಂಎಂ ಸ್ಪೇಸರ್ ಬಳೆ ಒಂದು ಇರಲಿ, ಪೈಪಿನ ತುದಿ ಅದಕ್ಕಿಂತ 3 ಎಂಎಂ ತಗ್ಗಿರಲಿ. ಪ್ಲಗ್ ಸ್ಟೆಮ್ ಹಿಡಿಯೋ ಜಾಗದ ಒಳಗೇ ಕೂತಿರಬೇಕು, ಕೆಳಗಿಳಿದಿರಬಾರದು. ಸ್ಟೆಮ್ ಕೆಳಗೆ ಎಷ್ಟು ಸ್ಪೇಸರ್ ಹಾಕಬಹುದು ಅನ್ನೋದು ಫೋರ್ಕಿನ ಪುಸ್ತಕದಲ್ಲಿರುತ್ತೆ, ಅದನ್ನ ಮೀರಬೇಡಿ.

ಗುಮ್ಮಟ ಎಕ್ಸ್‌ಪ್ರೆಸ್: ಆತ್ರಿ. ಹಳೇ ಫೋರ್ಕ್ ಅಂಗಡ್ಯಾಗ ಬಿಟ್ಟು ಬರ್ಲಿ?

ಮೆಕ್ಯಾನಿಕ್: ಬೇಡ. ದುಡ್ಡಿನ ಮಾತು ಮುಗಿಯೋತನಕ ನಿಮ್ಮ ಹತ್ರಾನೇ ಇರಲಿ. ಮುಗಿದ ಮೇಲೆ ಸ್ಟೀರರನ್ನ ಗರಗಸದಲ್ಲಿ ಎರಡು ತುಂಡು ಮಾಡಿ ಎಸೀರಿ. ಹಾಗೇ ಬಿಟ್ರೆ ಸೆಕೆಂಡ್ ಹ್ಯಾಂಡ್ ಅಂತ ಇನ್ಯಾರದೋ ಸೈಕಲ್ಲಿಗೆ ಹೋಗುತ್ತೆ.

ತುಂಗಾ ತೀರ: ಅಣ್ಣ, ಮೇಲೆ ಅಂದ್ರೆ ಎಲ್ಲಿ?