ಅಪ್‌ಡೇಟ್: ಚೇತರಿಕೆಯ ನಡುವೆ ಮರುಕಳಿಸುವ ಬ್ರೈನ್ ಫಾಗ್

ದೀರ್ಘಕಾಲದ ಅನಾರೋಗ್ಯದಿಂದ ಚೇತರಿಸಿಕೊಳ್ಳುತ್ತಿರುವಾಗಲೂ, ಓದಿದ ಸಾಲು ತಲೆಯಲ್ಲಿ ನಿಲ್ಲದ, ಆಡಬೇಕಾದ ಪದ ನಾಲಿಗೆಗೆ ಬಾರದ ಮಂಕು (ಬ್ರೈನ್ ಫಾಗ್) ಏಕೆ ಮತ್ತೆ ಮತ್ತೆ ಕವಿಯುತ್ತದೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ನಿಮ್ಮಲ್ಲಿ ಹಲವರು ಸೂಚಿಸಿದಂತೆ ಥೈರಾಯ್ಡ್, ಬಿ12 ಹಾಗೂ ದೇಹದ ಕಬ್ಬಿಣದ ಸಂಗ್ರಹವನ್ನು ತಿಳಿಸುವ ಫೆರಿಟಿನ್ ಪರೀಕ್ಷೆಗಳನ್ನು ಮಾಡಿಸಿದೆ. ಬಿ12 ಕಡಿಮೆಯಿದ್ದುದರಿಂದ ಚಿಕಿತ್ಸೆ ನಡೆದಿದೆ. ಅಲರ್ಜಿಗೆಂದು ರಾತ್ರಿ ಸೇವಿಸುತ್ತಿದ್ದ, ನಿದ್ದೆ ಬರಿಸುವ ಹಳೆಯ ಬಗೆಯ ಆಂಟಿಹಿಸ್ಟಮಿನ್ ಮರುದಿನದ ಮಂಕನ್ನು ಹೆಚ್ಚಿಸಬಲ್ಲದೆಂದು ವಿವರಿಸಿ ವೈದ್ಯರು ಅದನ್ನೂ ಬದಲಿಸಿದರು.

ಆದರೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಪೇಸಿಂಗ್, ಅಂದರೆ ಇರುವ ಶಕ್ತಿಯನ್ನು ಅಳೆದು ಬಳಸುವ ಕ್ರಮ. ಚೆನ್ನಾಗಿದೆ ಎನ್ನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿದರೆ ಅದರ ಪರಿಣಾಮ ಕೂಡಲೇ ಕಾಣದೆ ಒಂದೆರಡು ದಿನ ತಡವಾಗಿ ಎರಗುತ್ತದೆಂಬುದು, ಮತ್ತು ಲೆಕ್ಕಪತ್ರ ನೋಡುವುದು, ದೀರ್ಘವಾಗಿ ಮಾತನಾಡುವುದು ಕೂಡ ನಡಿಗೆಯಷ್ಟೇ ದಣಿಸುತ್ತವೆಂಬುದು ದಿನಚರಿ ಬರೆಯತೊಡಗಿದ ಮೇಲೆ ಸ್ಪಷ್ಟವಾಯಿತು. ಈಗ ಆಯಾಸ ತಲೆದೋರುವ ಮೊದಲೇ ವಿರಮಿಸುತ್ತೇನೆ.

ವ್ಯಾಯಾಮವನ್ನು ದಿನೇ ದಿನೇ ಹೆಚ್ಚಿಸಿ ಎಂಬ ಸಲಹೆ ಸದುದ್ದೇಶದ್ದೇ ಆಗಿದ್ದರೂ, ಶ್ರಮದ ನಂತರ ಲಕ್ಷಣಗಳು ಉಲ್ಬಣಿಸುವವರು ಎಚ್ಚರ ವಹಿಸಬೇಕೆಂದು ಕಳಕಳಿಯಿಂದ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯು 2021ರ ಮಾರ್ಗಸೂಚಿಯಲ್ಲಿ ಎಂಇ/ಸಿಎಫ್‌ಎಸ್ ಎಂಬ ದೀರ್ಘಕಾಲದ ತೀವ್ರ ಆಯಾಸದ ಕಾಯಿಲೆಯ ರೋಗಿಗಳಿಗೆ ಅಂತಹ ನಿಗದಿತ ಏರಿಕೆಯ ವ್ಯಾಯಾಮ ಕ್ರಮವನ್ನು ನೀಡಬಾರದೆಂದಿದೆ.

ಮಂಕು ಸಂಪೂರ್ಣ ಹೋಗಿಲ್ಲ, ಆದರೆ ಅದರ ಅವಧಿ ಕಡಿಮೆಯಾಗಿದೆ. ಅಂತಹ ದಿನಗಳಲ್ಲಿ ಹಣಕಾಸಿನ ತೀರ್ಮಾನಗಳನ್ನು ಮುಂದೂಡುತ್ತೇನೆ, ಔಷಧಿಯ ವೇಳೆಗೆ ಮೊಬೈಲಿನ ಅಲಾರಂ ಇಟ್ಟುಕೊಳ್ಳುತ್ತೇನೆ. ಮುಂದಿನ ಭೇಟಿಯಲ್ಲಿ ನಿದ್ರೆಯ ಉಸಿರಾಟದ ತೊಂದರೆಯ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲಿದ್ದೇನೆ.