ತ್ರಿಶರಣ ಮತ್ತು ‘ನಿಮಗೆ ನೀವೇ ಶರಣು’

ಪ್ರಶ್ನೆ: ಬುದ್ಧ, ಧರ್ಮ, ಸಂಘಗಳಿಗೆ ಶರಣಾಗುವ ತ್ರಿಶರಣದಲ್ಲಿ ‘ಬುದ್ಧಂ ಸರಣಂ ಗಚ್ಛಾಮಿ’ ಎಂದು ಮೂರು ಬಾರಿ ಹೇಳಿಸುವ ಧರ್ಮದಲ್ಲಿಯೇ ಬುದ್ಧನು ‘ನಿಮಗೆ ನೀವೇ ಶರಣಾಗಿರಿ’ ಎಂದಿದ್ದಾನೆ. ಇವೆರಡೂ ಹೇಗೆ ಹೊಂದುತ್ತವೆ?

ಉತ್ತರ 1: ಸಂದರ್ಭವನ್ನು ನೋಡಬೇಕು. ವೈಶಾಲಿಯ ಬಳಿಯ ಬೇಲುವ ಗ್ರಾಮದಲ್ಲಿ, ಕೊನೆಯ ಮಳೆಗಾಲದಲ್ಲಿ, ಕಾಯಿಲೆಯಿಂದ ಆಗಷ್ಟೇ ಚೇತರಿಸಿಕೊಂಡಿದ್ದ 80ರ ಬುದ್ಧನು, ತನ್ನ ದೇಹವು ಪಟ್ಟಿ ಬಿಗಿದು ಓಡಿಸುವ ಹಳೆಯ ಗಾಡಿಯಂತಾಗಿದೆ ಎಂದು ಶಿಷ್ಯ ಆನಂದನಿಗೆ ಹೇಳಿ, ‘ಅತ್ತಸರಣ’ರಾಗಿರಿ (ನಿಮಗೆ ನೀವೇ ಶರಣಾಗಿರಿ) ಎಂದನು, ಅದರ ಬೆನ್ನಿಗೇ ‘ಧಮ್ಮಸರಣ’ರಾಗಿರಿ (ಧರ್ಮಕ್ಕೆ ಶರಣಾಗಿರಿ) ಎಂದೂ ಸೇರಿಸಿದನು. ಹಾಗಾಗಿ ತನ್ನನ್ನು ನೆಚ್ಚುವುದೆಂದರೆ ಮನಬಂದಂತೆ ನಡೆಯುವುದಲ್ಲ. ಕಾಯ, ವೇದನೆ (ಸುಖ-ದುಃಖಗಳ ಅನುಭವ), ಚಿತ್ತ, ಧರ್ಮ (ಇಲ್ಲಿ, ಮನಸ್ಸಿಗೆ ಬರುವ ವಿಷಯ)ಗಳನ್ನು ಎಚ್ಚರದಿಂದ ಗಮನಿಸುವುದು ಎಂದು ಅವನೇ ಅಲ್ಲಿ ವಿವರಿಸಿದ್ದಾನೆ.

ಉತ್ತರ 2: ಅಲ್ಲಿಯೇ ಬರುವ ‘ಅತ್ತದೀಪ’ದಲ್ಲಿನ ‘ದೀಪ’ಕ್ಕೆ ಪಾಲಿಯಲ್ಲಿ ದ್ವೀಪವೆಂಬ ಅರ್ಥವೂ ಇದೆ. ಪ್ರವಾಹಕ್ಕೆ ಸಿಕ್ಕವನು ಹತ್ತಿ ನಿಲ್ಲುವ ನೆಲ ಎಂಬ ಆ ಅರ್ಥವೇ ‘ಸರಣ’ದ ಪಕ್ಕದಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಪ್ರಶ್ನೆ ಕೇಳಿದವರು: ‘ಧಮ್ಮಸರಣ’ವನ್ನು ನಾನು ಗಮನಿಸಿಯೇ ಇರಲಿಲ್ಲ; ಇಬ್ಬರಿಗೂ ಧನ್ಯವಾದಗಳು.