ಹಳೆಯ ಟ್ರ್ಯಾಕ್‌ಬಾಲ್ ಒಂದು, ಕಂಪ್ಯೂಟರ್ ಮೂರು ಬಗೆಯವು: ಸರ್ಕ್ಯೂಟ್ ಮಾಡಿದವರು ಅನುಭವ ತಿಳಿಸಿ

ಪ್ರಶ್ನೆ

ಒಂಬತ್ತು ಪಿನ್‌ಗಳ ಕನೆಕ್ಟರ್ ಇರುವ ಹಳೆಯ ಟ್ರ್ಯಾಕ್‌ಬಾಲ್ ಒಂದು ನನ್ನ ಬಳಿ ಇದೆ. ಅದರೊಳಗೆ ಪ್ರೊಸೆಸರ್ ಇಲ್ಲ; ಎರಡೂ ಅಕ್ಷಗಳ ಕ್ವಾಡ್ರೇಚರ್ ಸಿಗ್ನಲ್‌ಗಳು (ಚೆಂಡು ಉರುಳಿದಾಗ ಒಂದರ ಹಿಂದೊಂದು ಬದಲಾಗಿ ದಿಕ್ಕನ್ನೂ ತಿಳಿಸುವ, ಅಕ್ಷಕ್ಕೆ ಎರಡರಂತೆ ಜೋಡಿ ಸಿಗ್ನಲ್‌ಗಳು) ಮತ್ತು ಬಟನ್‌ಗಳು ನೇರವಾಗಿ ಹೊರಬರುತ್ತವೆ. ಮಣಿಕಟ್ಟಿನ ನೋವಿನಿಂದ ಮೌಸ್ ಹಿಡಿಯುವುದು ಕಷ್ಟವಾಗಿರುವುದರಿಂದ, ಇದನ್ನೇ ಯುಎಸ್‌ಬಿ ಇರುವ ಹೊಸ ಕಂಪ್ಯೂಟರ್‌ಗೂ, ಪಿಎಸ್/2 (ಮೌಸ್‌ಗೆ ಬಳಸುತ್ತಿದ್ದ ಹಳೆಯ ದುಂಡು ಕನೆಕ್ಟರ್) ಇರುವ ಯಂತ್ರಕ್ಕೂ, ಸೀರಿಯಲ್ ಮೌಸ್ ಬೇಡುವ ಇನ್ನೊಂದಕ್ಕೂ ಬಳಸಬೇಕೆಂದಿದ್ದೇನೆ. ಮೂರಕ್ಕೆ ಮೂರು ಸರ್ಕ್ಯೂಟ್ ಮಾಡದೆ, ಒಂದನ್ನೇ ಹೊಂದಿಸಿಕೊಳ್ಳುವುದು ಹೇಗೆ?

ಮೊದಲ ಉತ್ತರ

ಇದೇ ಕೆಲಸವನ್ನು ನಾನು ಎರಡು ಸಲ ಮಾಡಿದ್ದೇನೆ. ಮೊದಲ ಸಲ ಮಾಡಿದ್ದು ತಪ್ಪಾಗಿತ್ತು. ಕ್ವಾಡ್ರೇಚರ್ ಸಿಗ್ನಲ್ ಓದುವುದು, ಅದನ್ನು ಪಿಎಸ್/2 ಪ್ಯಾಕೆಟ್ ಮಾಡಿ ಕಳಿಸುವುದು, ಮತ್ತೆ ಓದುವುದು ಎಂದು ಎಲ್ಲವನ್ನೂ ಒಂದೇ ಲೂಪ್‌ನಲ್ಲಿ ಬರೆದಿದ್ದೆ. ಚೆಂಡನ್ನು ನಿಧಾನವಾಗಿ ಉರುಳಿಸಿದರೆ ಎಲ್ಲವೂ ಸರಿಯಾಗಿರುತ್ತಿತ್ತು, ಆದರೆ ಬಲಕ್ಕೆ ಜೋರಾಗಿ ತಳ್ಳಿದ ಕೂಡಲೇ ಕರ್ಸರ್ ಅರ್ಧ ದಾರಿಯಲ್ಲಿ ತಡೆದು ಎಡಕ್ಕೆ ಜಿಗಿಯುತ್ತಿತ್ತು. ಸೆನ್ಸರ್ ಕೆಟ್ಟಿದೆಯೆಂದು ಎರಡು ದಿನ ಅದನ್ನೇ ಬಿಚ್ಚಿ ನೋಡಿದೆ. ಕಾರಣ ಸೆನ್ಸರ್‌ನಲ್ಲಿರಲಿಲ್ಲ, ಸರಳ ಲೆಕ್ಕದಲ್ಲಿತ್ತು.

ಇಂಚಿಗೆ 200 ಎಣಿಕೆ ಕೊಡುವ ಚೆಂಡು ಸೆಕೆಂಡಿಗೆ 25 ಸೆಂಟಿಮೀಟರ್ ವೇಗದಲ್ಲಿ ಉರುಳಿದರೆ ಸುಮಾರು 2000 ಬದಲಾವಣೆಗಳಾಗುತ್ತವೆ, ಅಂದರೆ ಅರ್ಧ ಮಿಲಿಸೆಕೆಂಡಿಗೊಂದು. ಪಿಎಸ್/2ನಲ್ಲಿ ಒಂದು ಬೈಟ್ ಕಳಿಸಲು 11 ಬಿಟ್‌ಗಳು ಬೇಕು. ಗಡಿಯಾರದ ವೇಗ 12.5 ಕಿಲೋಹರ್ಟ್ಸ್ ಎಂದಿಟ್ಟುಕೊಂಡರೆ ಅದಕ್ಕೆ 0.88 ಮಿಲಿಸೆಕೆಂಡ್, ಮೂರು ಬೈಟ್‌ಗಳಿಗೆ ಎರಡೂವರೆ ಮಿಲಿಸೆಕೆಂಡಿಗಿಂತ ಹೆಚ್ಚು. ಅಷ್ಟು ಹೊತ್ತು ನನ್ನ ಪ್ರೋಗ್ರಾಂ ಚೆಂಡಿನ ಕಡೆ ನೋಡುತ್ತಲೇ ಇರಲಿಲ್ಲ. ಕ್ವಾಡ್ರೇಚರ್‌ನ ನಾಲ್ಕು ಸ್ಥಿತಿಗಳು ಸುತ್ತುತ್ತಿರುತ್ತವೆ. ನಡುವೆ ಮೂರು ಹೆಜ್ಜೆ ಮುಂದೆ ಹೋದದ್ದನ್ನು ನೋಡದಿದ್ದರೆ ಅದು ಒಂದು ಹೆಜ್ಜೆ ಹಿಂದೆ ಬಂದಂತೆಯೇ ಕಾಣುತ್ತದೆ.

ಎರಡನೆಯ ಸಲ ಓದುವ ಭಾಗವನ್ನೂ ಕಳಿಸುವ ಭಾಗವನ್ನೂ ಪೂರ್ತಿಯಾಗಿ ಬೇರ್ಪಡಿಸಿದೆ. ನಿಮ್ಮ ಸರ್ಕ್ಯೂಟ್ ಹೊಂದಿಕೊಳ್ಳುವಂತಿರಬೇಕಾದರೆ ಮುಖ್ಯವಾದದ್ದು ಇದೊಂದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಟೈಮರ್ ಇಂಟರಪ್ಟ್ (ನಿಗದಿತ ಸಮಯಕ್ಕೊಮ್ಮೆ ಬೇರೆ ಕೆಲಸ ತಡೆದು ಓಡುವ ಪ್ರೋಗ್ರಾಂ ತುಣುಕು) ಸೆಕೆಂಡಿಗೆ 10,000 ಸಲ ನಾಲ್ಕೂ ಸಿಗ್ನಲ್‌ಗಳನ್ನು ಓದಿ, ಹಳೆಯ ಸ್ಥಿತಿ ಮತ್ತು ಹೊಸ ಸ್ಥಿತಿ ಸೇರಿಸಿದ 16 ಮನೆಗಳ ಕೋಷ್ಟಕ ನೋಡಿ, ಎರಡು ಅಕ್ಷಗಳ 16 ಬಿಟ್ ಮೊತ್ತಕ್ಕೆ ಒಂದನ್ನು ಕೂಡಿಸುತ್ತದೆ ಅಥವಾ ಕಳೆಯುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಯುಎಸ್‌ಬಿ, ಪಿಎಸ್/2, ಸೀರಿಯಲ್ ಭಾಗಗಳು ತಮಗೆ ಸಮಯ ಬಂದಾಗ ಆ ಮೊತ್ತದಿಂದ ತಮಗೆ ಬೇಕಾದಷ್ಟನ್ನು ತೆಗೆದುಕೊಳ್ಳುತ್ತವೆ. ತೆಗೆದುಕೊಂಡ ಮೇಲೆ ಮೊತ್ತವನ್ನು ಸೊನ್ನೆ ಮಾಡಬೇಡಿ, ಕಳಿಸಿದಷ್ಟನ್ನು ಮಾತ್ರ ಕಳೆಯಿರಿ. ಇಲ್ಲವಾದರೆ ನಡುವೆ ಬಂದ ಎಣಿಕೆಗಳೂ, ಒಂದು ಪ್ಯಾಕೆಟ್‌ನಲ್ಲಿ ಹಿಡಿಸದೆ ಉಳಿದವೂ ಕಳೆದುಹೋಗುತ್ತವೆ. 8 ಬಿಟ್ ಚಿಪ್ ಆದರೆ ಮೊತ್ತವನ್ನು ಓದಿ ಕಳೆಯುವ ಆ ಕ್ಷಣ ಇಂಟರಪ್ಟ್ ನಿಲ್ಲಿಸುವುದನ್ನೂ ಮರೆಯಬೇಡಿ.

ಕೋಷ್ಟಕದಲ್ಲಿ ಎರಡೂ ಬಿಟ್‌ಗಳು ಒಟ್ಟಿಗೆ ಬದಲಾಗುವ ನಾಲ್ಕು ಮನೆಗಳು ನಿಜವಾದ ಚಲನೆಯಲ್ಲಿ ಬರಬಾರದಂಥವು. ಅಲ್ಲಿಗೆ ಬಂದಾಗಲೆಲ್ಲ ಒಂದು ಎಲ್‌ಇಡಿ ಮಿನುಗುವಂತೆ ಮಾಡಿದ್ದೇನೆ. ಚೆಂಡನ್ನು ಎಷ್ಟು ಜೋರಾಗಿ ಉರುಳಿಸಿದರೂ ಅದು ಹೊತ್ತಿಕೊಳ್ಳದಿದ್ದರೆ ಓದುವ ಭಾಗ ಸರಿಯಿದೆಯೆಂದು ನೆಮ್ಮದಿಯಿಂದ ಮುಂದೆ ಹೋಗಬಹುದು.

ದಿಕ್ಕಿನ ಚಿಹ್ನೆಯನ್ನು (ಧನವೋ ಋಣವೋ ಎಂಬುದನ್ನು) ಆಯಾ ಕಳಿಸುವ ಭಾಗದಲ್ಲೇ ಬದಲಿಸಿ. ಪಿಎಸ್/2ನಲ್ಲಿ ಮೇಲಕ್ಕೆ ಹೋಗುವುದು ಧನ; ಯುಎಸ್‌ಬಿಯಲ್ಲಿಯೂ ಮೈಕ್ರೋಸಾಫ್ಟ್ ಸೀರಿಯಲ್ ಕ್ರಮದಲ್ಲಿಯೂ ಕೆಳಕ್ಕೆ ಬರುವುದು ಧನ.

ಎರಡನೆಯ ಉತ್ತರ

ಮೇಲಿನವರು ಪ್ರೋಗ್ರಾಂ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ತಂತಿಗಳ ಬಗ್ಗೆ ನನಗೆ ಗೊತ್ತಿರುವುದನ್ನು ಸೇರಿಸುತ್ತೇನೆ.

ಮೊದಲು ಪಿನ್‌ಗಳನ್ನು ಪರೀಕ್ಷಿಸಿ. ಅಮಿಗಾ ಮತ್ತು ಅಟಾರಿ ಎಸ್‌ಟಿ ಎಂಬ ಹಳೆಯ ಕಂಪ್ಯೂಟರ್‌ಗಳೆರಡರ ಮೌಸ್‌ಗಳಿಗೂ ಒಂದೇ ಬಗೆಯ ಒಂಬತ್ತು ಪಿನ್‌ಗಳ ಕನೆಕ್ಟರ್ ಇದೆ, ಎರಡರಲ್ಲೂ 7ನೆಯ ಪಿನ್ 5 ವೋಲ್ಟ್, 8ನೆಯದು ಗ್ರೌಂಡ್. ಆದರೆ ಅಡ್ಡ ಚಲನೆಯ ಜೋಡಿ ಅಮಿಗಾದಲ್ಲಿ 2 ಮತ್ತು 4ರಲ್ಲಿದೆ, ಅಟಾರಿಯಲ್ಲಿ 1 ಮತ್ತು 2ರಲ್ಲಿ. ಆದ್ದರಿಂದ ಯಾವ ಪಿನ್ ಯಾವ ಅಕ್ಷದ್ದು ಎಂಬುದನ್ನು ತಂತಿಯಲ್ಲಿ ಬೆಸೆದುಬಿಡದೆ ಪ್ರೋಗ್ರಾಂನಲ್ಲಿ ಇಟ್ಟುಕೊಳ್ಳಿ. ಹಳೆಯ ಸೆನ್ಸರ್‌ಗಳ ಸಿಗ್ನಲ್ ಅಂಚುಗಳು ಓರೆಯಾಗಿರುವುದುಂಟು. ನನ್ನದನ್ನು ಆಸಿಲೋಸ್ಕೋಪ್‌ನಲ್ಲಿ ನೋಡಿದಾಗ ಚೌಕದ ಬದಲು ಗುಡ್ಡದಂಥ ಅಲೆ ಕಂಡಿತು. 74ಎಚ್‌ಸಿ14 ಎಂಬ ಶ್ಮಿಟ್ ಟ್ರಿಗರ್ ಚಿಪ್ ಒಂದನ್ನು ನಡುವೆ ಹಾಕಿದ ಮೇಲೆ ಚೌಕ ಬಂತು.

ಪಿಎಸ್/2ರ ಎರಡೂ ತಂತಿಗಳು ಓಪನ್ ಕಲೆಕ್ಟರ್ ಬಗೆಯವು. ಅವನ್ನು ನೀವು ಎಂದೂ ಮೇಲಕ್ಕೆ ಎಳೆಯಬಾರದು: ಸೊನ್ನೆಗೆ ಪಿನ್ ಅನ್ನು ಔಟ್‌ಪುಟ್ ಮಾಡಿ ಗ್ರೌಂಡ್‌ಗೆ ಇಳಿಸಿ, ಒಂದಕ್ಕೆ ಪಿನ್ ಅನ್ನು ಇನ್‌ಪುಟ್ ಮಾಡಿ ಬಿಟ್ಟುಬಿಡಿ, ಉಳಿದದ್ದನ್ನು ತಂತಿಯನ್ನು 5 ವೋಲ್ಟ್ ಕಡೆಗೆ ಎಳೆದಿಡುವ ಪುಲ್‌ಅಪ್ ರೆಸಿಸ್ಟರ್ ನೋಡಿಕೊಳ್ಳುತ್ತದೆ. ಆರ್‌ಪಿ2040ರಂತಹ 3.3 ವೋಲ್ಟ್ ಚಿಪ್ ಬಳಸಿದರೆ ಬಿಎಸ್‌ಎಸ್138 ಮಾಸ್‌ಫೆಟ್‌ನಿಂದ ಎರಡೂ ದಿಕ್ಕಿನ ಲೆವೆಲ್ ಶಿಫ್ಟರ್ (3.3 ಮತ್ತು 5 ವೋಲ್ಟ್ ಸಿಗ್ನಲ್‌ಗಳನ್ನು ಹೊಂದಿಸುವ ಸರ್ಕ್ಯೂಟ್) ಮಾಡಿಕೊಳ್ಳಿ. ಎಟಿಮೆಗಾ32ಯು4 ಅನ್ನು 5 ವೋಲ್ಟ್‌ನಲ್ಲಿ ನಡೆಸಿದರೆ ಇದರ ಅಗತ್ಯವಿಲ್ಲ, ಒಳಗೇ ಯುಎಸ್‌ಬಿಯೂ ಇರುತ್ತದೆ. ನಿಮಗೆ ನಾನು ಸೂಚಿಸುವುದು ಅದನ್ನೇ.

ಸೀರಿಯಲ್ ಕಡೆ ಹೆಚ್ಚು ಎಚ್ಚರ ಬೇಕು. ಸೀರಿಯಲ್ ಪೋರ್ಟ್‌ನ ಆರ್‌ಎಸ್-232 ತಂತಿಯಲ್ಲಿ ಋಣ ವೋಲ್ಟೇಜ್ ಇರುವುದರಿಂದ, ಅದನ್ನು ಹೊಂದಿಸಿಕೊಡುವ ಮ್ಯಾಕ್ಸ್3232ರಂತಹ ಚಿಪ್ ಇಲ್ಲದೆ ಜೋಡಿಸಬೇಡಿ. ಸೀರಿಯಲ್ ಮೌಸ್‌ಗಳು ಡಿಟಿಆರ್, ಆರ್‌ಟಿಎಸ್ ಎಂಬ ನಿಯಂತ್ರಣ ತಂತಿಗಳಿಂದಲೇ ವಿದ್ಯುತ್ ಪಡೆಯುತ್ತಿದ್ದವು, ಆದರೆ ಅಲ್ಲಿ ಸಿಗುವುದು ಕೆಲವೇ ಮಿಲಿಆಂಪ್. ನಿಮ್ಮ ಟ್ರ್ಯಾಕ್‌ಬಾಲ್‌ನ ಎಲ್‌ಇಡಿಗಳಿಗೇ ಅದು ಸಾಲದು, ಹೊರಗಿನಿಂದ 5 ವೋಲ್ಟ್ ಕೊಡಬೇಕಾಗುತ್ತದೆ. ನಾನು ಸಿಕ್ಕಿಬಿದ್ದದ್ದು ಇಲ್ಲಿಯೇ. ಡ್ರೈವರ್ ಆರ್‌ಟಿಎಸ್ ತಂತಿಯನ್ನು ಇಳಿಸಿ ಏರಿಸಿದಾಗ ಮೌಸ್ ‘ಎಂ’ ಎಂಬ ಇಂಗ್ಲಿಷ್ ಅಕ್ಷರವನ್ನು ಕಳಿಸಿ ತನ್ನ ಗುರುತು ಹೇಳಬೇಕು. ಮೂಲ ಮೌಸ್‌ನಲ್ಲಿ ವಿದ್ಯುತ್ ಹೋಗಿ ಬರುವುದರಿಂದ ಅದು ತಾನಾಗಿಯೇ ಆಗುತ್ತದೆ. ಹೊರಗಿನ ವಿದ್ಯುತ್ತಿನಲ್ಲಿ ನಡೆಯುವ ನಿಮ್ಮ ಸರ್ಕ್ಯೂಟ್‌ಗೆ ಆ ಸುದ್ದಿಯೇ ತಲುಪುವುದಿಲ್ಲ. ಆರ್‌ಟಿಎಸ್ ಅನ್ನು ಒಂದು ಇನ್‌ಪುಟ್ ಪಿನ್‌ಗೆ ತಂದು, ಅದು ಏರಿದಾಗಲೆಲ್ಲ ಆ ಅಕ್ಷರವನ್ನು ಕಳಿಸಿ. ವೇಗ 1200 ಬಾಡ್, 7 ಡೇಟಾ ಬಿಟ್, ಪ್ಯಾರಿಟಿ ಇಲ್ಲ. ಮೂರು ಬೈಟ್‌ಗಳ ಒಂದು ಪ್ಯಾಕೆಟ್‌ಗೆ 22.5 ಮಿಲಿಸೆಕೆಂಡ್ ಹಿಡಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಯುಎಸ್‌ಬಿ ಮೌಸ್‌ಗಳ ಜೊತೆ ಬರುತ್ತಿದ್ದ ಹಸಿರು ಅಡಾಪ್ಟರ್ ಒಂದು ನನ್ನಲ್ಲಿದೆ. ಅದನ್ನು ಹಾಕಿದರೆ ಪಿಎಸ್/2 ಭಾಗವನ್ನು ಬರೆಯುವ ಕೆಲಸ ತಪ್ಪುತ್ತದೆಯೇ?

ಎರಡನೆಯ ಉತ್ತರದವರಿಂದ

ತಪ್ಪುವುದಿಲ್ಲ. ಅದರೊಳಗೆ ತಂತಿಗಳಷ್ಟೇ ಇವೆ. ಯುಎಸ್‌ಬಿಯ ಡಿ ಪ್ಲಸ್ ಗಡಿಯಾರದ ತಂತಿಗೂ ಡಿ ಮೈನಸ್ ಡೇಟಾ ತಂತಿಗೂ ಸೇರುತ್ತವೆ. ಎರಡೂ ಭಾಷೆ ಬಲ್ಲ ಮೌಸ್‌ಗಷ್ಟೇ ಅದು ಉಪಯೋಗಕ್ಕೆ ಬರುತ್ತದೆ. ಆದರೂ ಆ ಮೌಸ್‌ಗಳು ಯಂತ್ರವನ್ನು ಗುರುತಿಸುವ ರೀತಿಯನ್ನು ನೀವೂ ಬಳಸಿಕೊಳ್ಳಬಹುದು. ಯುಎಸ್‌ಬಿ ಕಂಪ್ಯೂಟರ್ ಎರಡೂ ತಂತಿಗಳನ್ನು 15 ಕಿಲೋಓಮ್‌ನಿಂದ ಕೆಳಕ್ಕೆ ಎಳೆದಿರುತ್ತದೆ, ಪಿಎಸ್/2 ಯಂತ್ರ ಎರಡನ್ನೂ ಮೇಲಕ್ಕೆ ಎಳೆದಿರುತ್ತದೆ. ವಿದ್ಯುತ್ ಬಂದ ಕೂಡಲೇ ನಿಮ್ಮ ಕಡೆಯ ಯಾವ ಪುಲ್‌ಅಪ್ ಅನ್ನೂ ಹಾಕದೆ ತಂತಿಗಳನ್ನು ಓದಿದರೆ ಯಾವ ಯಂತ್ರವೆಂದು ತಿಳಿಯುತ್ತದೆ. ಪಿಎಸ್/2 ಯಂತ್ರ ಏಳುವಾಗ ಗಡಿಯಾರದ ತಂತಿಯನ್ನು ಹಿಡಿದಿಟ್ಟಿರಬಹುದಾದ್ದರಿಂದ ಒಂದೇ ಸಲ ಓದಿ ನಿರ್ಧರಿಸಬೇಡಿ. ನಿಮ್ಮ ಚಿಪ್‌ನ ಯುಎಸ್‌ಬಿ ಪಿನ್‌ಗಳನ್ನು ಸಾಮಾನ್ಯ ಪಿನ್‌ಗಳಂತೆ ಓದಲು ಬಾರದಿದ್ದರೆ ಎರಡು ಕನೆಕ್ಟರ್ ಇಟ್ಟು ಒಂದು ಜಂಪರ್‌ನಿಂದ ಆರಿಸಿಕೊಳ್ಳಿ. ನಾನು ಹಾಗೆಯೇ ಮಾಡಿದ್ದೇನೆ.

ಹಾಗೆ ಮಾಡುವುದಾದರೆ ಪ್ರತಿ ಕನೆಕ್ಟರ್‌ನ 5 ವೋಲ್ಟ್ ತಂತಿಗೂ ಒಂದೇ ದಿಕ್ಕಿಗೆ ವಿದ್ಯುತ್ ಬಿಡುವ ಒಂದೊಂದು ಶಾಟ್ಕಿ ಡಯೋಡ್ ಹಾಕಿ, ಏಕೆಂದರೆ ಮರೆತು ಎರಡೂ ಕಂಪ್ಯೂಟರ್‌ಗಳಿಗೆ ಒಟ್ಟಿಗೆ ಜೋಡಿಸಿದರೆ ಒಂದರ ವಿದ್ಯುತ್ ಇನ್ನೊಂದಕ್ಕೆ ಹರಿಯುತ್ತದೆ. ಪಿಎಸ್/2 ಕನೆಕ್ಟರ್ ಅನ್ನು ಮಾತ್ರ ಯಂತ್ರವನ್ನು ಆಫ್ ಮಾಡಿದ ಮೇಲೆಯೇ ಹಾಕಿ ತೆಗೆಯಿರಿ.